ದಕ್ಷಿಣದಿಂದ ನೋಡಿದ ಸೂರ್ಯ

ಶಾಲೆಯಿಂದ ಶಾಲೆಗೆ ಹೋಗಿ ವಿಜ್ಞಾನ ಕಲಿಸುವ ನಾನು ಅತನೂರ ಕಡೆಯ ಒಂದು ಶಾಲೆಯಲ್ಲಿ ಗ್ರಹಗಳ ಚಲನೆ ಹೇಳಿಕೊಡುವಾಗ ಹೆಡ್‌ಮಾಸ್ತರರನ್ನೇ ಸೂರ್ಯನನ್ನಾಗಿ ಅಂಗಳದ ನಡುವೆ ನಿಲ್ಲಿಸಿದೆ. ಹೃದಯದ ಆಪರೇಶನ್ ಮಾಡಿಸಿಕೊಂಡು ಅವರು ಆಗಷ್ಟೇ ಕೆಲಸಕ್ಕೆ ಮರಳಿದ್ದರು. ಎಡಗೈ ಸೂರ್ಯನ ಕಡೆ ಇರುವಂತೆ ಸುತ್ತಲು ಮಕ್ಕಳಿಗೆ ಹೇಳಿದೆ.

ಬಿಸಿಯೂಟದ ಶಾಂತಮ್ಮ ಸೌಟು ಹಿಡಿದೇ ಓಡಿಬಂದರು. "ಏ, ನಿಲ್ರಲೇ! ಹಂಗ ಉಲ್ಟಾ ಸುತ್ತೂದು ಹೆಣಕ್ಕ. ಸರ್ ಇನ್ನಾ ಗಟ್ಟಿ ಅದಾರ!"

ಹೆಡ್‌ಮಾಸ್ತರರು ಬೆವರೊರೆಸಿಕೊಳ್ಳುತ್ತ ವೃತ್ತದಿಂದ ಹೊರಗೆ ಬಂದರು. "ಬ್ಯಾರೆ ದಾರಿ ಇಲ್ಲೇನ್ರಿ?"

"ಐತ್ರಿ ಸರ್. ಉತ್ತರ ಧ್ರುವದ ಮ್ಯಾಲಿಂದ ನೋಡಿದ್ರ ಗ್ರಹಗಳು ಹಿಂಗ ಸುತ್ತತಾವ. ದಕ್ಷಿಣ ಧ್ರುವದ ಕಡಿಂದ ನೋಡಿದ್ರ ಪ್ರದಕ್ಷಿಣಿ ಹಾಕಿದಂಗ ಕಾಣ್ತಾವ."

"ಮತ್ತ ಅದನ್ನ ಮೊದಲ ಹೇಳಬಾರದೇನ್ರಿ?" ಎಂದು ಅವರು ಮರಳಿ ನಡುವೆ ನಿಂತರು.

ಮರುವಾರ ಜೇವರ್ಗಿಯ ಶಾಲೆಯಲ್ಲಿ ಸೂರ್ಯನಾಗಲು ಯಾರೂ ಸಿಗದೆ ನಾನೇ ನಿಂತೆ. ಅಲ್ಲಿಯೂ ದಕ್ಷಿಣದಿಂದಲೇ ನೋಡಿದೆವು. ವಿಜ್ಞಾನಕ್ಕೆ ಎರಡೂ ಒಂದೇ.