ರಾಜಗೋಪಾಲರ ಕಾರಿನಲ್ಲಿ ಮಿಕ್ಕ ಎರಡು ತುಂಡು

ಹೌರಾ ಸೇತುವೆಯ ಊರಿನಲ್ಲಿ, ಬೆಹಾಲಾದಲ್ಲಿ ನೆಲೆಸಿದ್ದ ರಾಜಗೋಪಾಲರಿಗೆ ಇದ್ದದ್ದು ಒಂದೇ ಒಂದು ಜಂಬ. ರೈಲ್ವೆಯ ಉಗ್ರಾಣದಲ್ಲಿ ತಲೆಗೂದಲು ಬೆಳ್ಳಗಾಗುವ ತನಕ ದುಡಿದವರು. ಕಬ್ಬಿಣದ ಯಾವ ಚೂರನ್ನು ಕೈಗಿಟ್ಟರೂ ಅದರ ಕುಲಗೋತ್ರ ಹೇಳಿಬಿಡುತ್ತಿದ್ದರು. ಹೆಂಡತಿ ಜಾನಕಿ ತೊಗರಿಬೇಳೆ ತನ್ನಿ ಎಂದದ್ದು ಮಾತ್ರ ನೆನಪಿರುತ್ತಿರಲಿಲ್ಲ, ಆ ಮಾತು ಬೇರೆ.

ಅಂಥವರಿಗೆ ಈ ಮಳೆಗಾಲ ಸರಿಯಾಗಿ ಕೈಕೊಟ್ಟಿತು. ಬೀದಿಯ ನೀರು ಅವರ ಹಳೇ ಮಾರುತಿ ಕಾರಿನ ಒಳಕ್ಕೇ ನುಗ್ಗಿತು. ಮೆಕ್ಯಾನಿಕ್‌ನನ್ನು ಕರೆಸಿ ಎಂದರೆ ಕೇಳುವ ಆಸಾಮಿಯೇ? ಸೀಟುಗಳನ್ನೆಲ್ಲ ತಾವೇ ಕಿತ್ತು ಒಣಹಾಕಿದರು. ತಳದ ತುಕ್ಕು ಕೆರೆದು ಬಣ್ಣ ಬಳಿದರು. ಕೆಟ್ಟ ಬೋಲ್ಟುಗಳನ್ನು ಬಿಸಾಕಿ, ಹೊಸದು ತಂದು, ಎಲ್ಲ ಮೊದಲಿನಂತೆ ಜೋಡಿಸಿದರು. ಕೈ ಒರೆಸಿಕೊಂಡು ತಿರುಗಿ ನೋಡಿದರೆ, ಅಯ್ಯೋ ರಾಮ, ಹಾಸಿದ ಪೇಪರಿನ ಮೇಲೆ ಎರಡು ಕಬ್ಬಿಣದ ತುಂಡು ಹಾಗೇ ಮಿಕ್ಕಿವೆ! ಗೇಣುದ್ದ, ಎರಡು ಬೆರಳು ದಪ್ಪ, ತುದಿಗೊಂದೊಂದು ತೂತು. ಎಲ್ಲಿಯದೋ ಏನೋ, ಒಂದೂ ಹೊಳೆಯಲಿಲ್ಲ.

ಸಾಲ್ಟ್ ಲೇಕ್‌ನ ಆಫೀಸಿನಿಂದ ಬಂದ ಮಗಳು ಅಕ್ಷರಾ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಅಪ್ಪಾ, ಆರ್ ಯು ಸೀರಿಯಸ್? ಪಾರ್ಟ್ ಬಿಟ್ಟುಹೋಗಿರೋ ಕಾರಲ್ಲಿ ಅಮ್ಮನ್ನ ಕೂರಿಸ್ತೀಯಾ? ಭಾನುವಾರದೊಳಗೆ ಅದೇನು ಅಂತ ಹೇಳು. ಇಲ್ಲಾಂದ್ರೆ ಗುಜರಿಯವನನ್ನ ಕರೀತೀನಿ, ಅಷ್ಟೇ.”

ಬ್ರೇಕಿನದೋ ಮತ್ತೆಲ್ಲಿನದೋ ಆಗಿದ್ದರೆ ಏನು ಗತಿ ಎಂಬ ಹೆದರಿಕೆ ರಾಜಗೋಪಾಲರಿಗೂ ಇತ್ತು.

ತುಂಡುಗಳನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಹಳೇ ಗಾಡಿಗಳ ಸಾಮಾನು ಮಾರುವ ಮಲ್ಲಿಕ್ ಬಜಾರಿಗೆ ಹೋದರು. ಮೊದಲ ಅಂಗಡಿಯವನು ಇದು ಮಾರುತಿಯದಲ್ಲವೇ ಅಲ್ಲ ಎಂದ. ಎರಡನೆಯವನು ಅಂಬಾಸಡರ್‌ದು ಎಂದು ಆಣೆಯಿಟ್ಟ. ಮೂರನೆಯವನಂತೂ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಿಸಿ, ಚಿಕ್ಕಪ್ಪನೆಂದೇ ಕರೆದು, “ಕಾಕು, ಇದು ಟ್ರ್ಯಾಕ್ಟರ್‌ದು” ಎಂದುಬಿಟ್ಟ. ಬೆಹಾಲಾದಲ್ಲಿ ನಾನು ಯಾವ ಗದ್ದೆ ಉಳುತ್ತಿದ್ದೆನಪ್ಪಾ ಎಂದುಕೊಂಡರು ರಾಜಗೋಪಾಲರು. ಎಷ್ಟು ತಿರುಗಿಸಿ ನೋಡಿದರೂ ಕಂಪನಿಯ ನಂಬರೂ ಇಲ್ಲ, ಗುರುತೂ ಇಲ್ಲ.

ಮರುದಿನ ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಉಳಿದರು.

“ಜಾನಕಿ, ನನ್ನ ತಲೆಗೇ ಏನೋ ಆಗ್ತಿದೆ ಕಣೇ. ಈ ಕೈಯಲ್ಲೇ ಬಿಚ್ಚಿದ್ದು. ಎಲ್ಲಿಂದ ಬಿಚ್ಚಿದೆ ಅಂತಲೇ ಗೊತ್ತಾಗ್ತಿಲ್ಲ.”

ಜಾನಕಿ ಇನ್ನೊಂದು ಸೌಟು ಸಾರು ಬಡಿಸಿದಳು. ಅವಳಿಗೆ ಕಾರಿನ ಚಿಂತೆಗಿಂತ ಆ ದನಿಯ ಚಿಂತೆ ಹತ್ತಿತ್ತು.

ಶನಿವಾರ ಸಂಜೆ ಅವಳೇ ಸೀರೆ ಬದಲಾಯಿಸಿಕೊಂಡು ಬಂದಳು. “ಬನ್ನಿ, ನಾಳೆ ಕಾರು ಹೋಗೇಬಿಡುತ್ತೆ. ಒಂದ್ಸಲ ಸುಮ್ನೆ ಕೂತು ಬರೋಣ. ಚಾಲೂ ಮಾಡ್ಬೇಡಿ.”

ಇಬ್ಬರೂ ಕೂತರು. ಜಾನಕಿ ಕತ್ತು ಉದ್ದ ಮಾಡಿದಳು.

“ರೀ, ರಸ್ತೆ ಎಲ್ಲಿ?”

“ಎದುರಿಗೇ ಇದೆಯಲ್ಲೇ.”

“ನನಗೆ ಬರೀ ಡ್ಯಾಶ್‌ಬೋರ್ಡು ಕಾಣ್ತಿದೆ. ಕಾರು ಹೊಸದರಲ್ಲಿ ಹೌರಾ ಸೇತುವೆ ಮೇಲೆ ಹೋದಾಗಲೂ ಹೀಗೇ ಆಗಿತ್ತು. ಗಂಗೆ ಕಾಣ್ಲಿಲ್ಲ ಅಂತ ನಾನು ಅತ್ತುಬಿಟ್ಟೆ, ನೀವು ಕುಳ್ಳಿ ಅಂತ ನಕ್ಕಿರಿ. ಆಮೇಲೆ ಹೆಂಗೋ ಅಭ್ಯಾಸ ಆಗಿ ಕಾಣೋಕೆ ಶುರುವಾಯ್ತು.”

ರಾಜಗೋಪಾಲರು ಸ್ಟೇರಿಂಗಿನ ಮೇಲಿಂದ ಕೈ ತೆಗೆದರು. ಎಲ್ಲ ಒಟ್ಟಿಗೇ ನೆನಪಿಗೆ ಬಂತು. ಹೌರಾದ ಲೇತ್ ಅಂಗಡಿ. ಬೆರಳಲ್ಲಿ ಅಳತೆ ತೋರಿಸಿ ಕಬ್ಬಿಣ ಕತ್ತರಿಸಿಕೊಂಡದ್ದು. ಜಾನಕಿ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಾಗ ಅವಳ ಸೀಟಿನ ಕೆಳಗಿಟ್ಟು ಬಿಗಿದದ್ದು. ಅಷ್ಟು ನಕ್ಕಮೇಲೆ ಇನ್ನೇನು ಹೇಳುವುದು ಎಂದು ನಾಚಿ ಬಾಯಿಮುಚ್ಚಿಕೊಂಡದ್ದು. ಯಾವ ಕಂಪನಿಯೂ ಮಾಡದ ಸಾಮಾನು ಯಾವ ಅಂಗಡಿಯವನಿಗೆ ತಾನೇ ಗೊತ್ತಾಗಬೇಕು?

ಓಡಿಹೋಗಿ ಚೀಲ ತಂದರು. “ಇದು ನಿನ್ನ ಸೀಟಿನ ಅಡಿಗೆ ಕೊಟ್ಟಿದ್ದು ಕಣೇ. ನಾನೇ ಮಾಡಿಸಿದ್ದು.”

“ಅಂದ್ರೆ ನನಗೆ ಅಭ್ಯಾಸ ಆಗಿದ್ದಲ್ವಾ?”

“ಅಲ್ಲ.”

“ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ರೀ ಮಹಾನುಭಾವರೇ!” ಎಂದು ಬೈಯುತ್ತಲೇ, ಒಳ್ಳೇ ಸೀರೆ ಎಂಬುದನ್ನೂ ಮರೆತು, ಸೆರಗಿನಿಂದ ಆ ಎರಡು ತುಂಡುಗಳ ಮಸಿ ಒರೆಸಿದಳು. ಕಣ್ಣು ಒರೆಸಿಕೊಂಡದ್ದು ಆಮೇಲೆ.

ಭಾನುವಾರ ಬೆಳಿಗ್ಗೆ ರಾಜಗೋಪಾಲರು ಉದ್ದನೆಯ ಬೋಲ್ಟ್ ಹುಡುಕಿ ತಂದು ಸೀಟು ಬಿಗಿದು ಮುಗಿಸುವಷ್ಟರಲ್ಲಿ ಅಕ್ಷರಾ ಕೆಳಗಿಳಿದು ಬಂದಳು.

“ಗೊತ್ತಾಯ್ತಾ ಅಪ್ಪಾ? ಏನದು? ಯಾವುದರ ಪಾರ್ಟು?”

ಅದಕ್ಕೊಂದು ಹೆಸರೇ ಇರಲಿಲ್ಲ. ಉತ್ತರ ಕಾರಿನ ಒಳಗಿನಿಂದ, ಎರಡು ಬೆರಳು ಎತ್ತರದಿಂದ ಬಂತು.

“ಅದು ನಂದು. ಗುಜರಿಯವನಿಗೆ ಬರಬೇಡ ಅನ್ನು.”