ಕುಬಸಕ್ಕೆ ಆರಿಸಿದ ಕರಡಿ ಹಾಡು

ತೊಂಬತ್ತರ ದಶಕದಲ್ಲಿ ಹಾರೂಗೇರಿಯ ನಮ್ಮ ಓಣಿಯಲ್ಲಿ ಯಾವ ಬಸುರಿಯ ಕುಬಸ, ಅಂದರೆ ಸೀಮಂತ, ಇದ್ದರೂ ಹೆಂಗಸರಿಗೆ ಹಾಡು ಆರಿಸಿಕೊಡುವ ಕೆಲಸ ನನ್ನದು. ಕನ್ನಡದ ಹಾಡು ಆರಿಸಿದರೆ ನಿಪ್ಪಾಣಿಯ ಬೀಗರು ಮುಖ ಗಂಟಿಕ್ಕುತ್ತಿದ್ದರು, ಮರಾಠಿಯದು ಆರಿಸಿದರೆ ಅಥಣಿಯವರು. ತಂಗಿಯ ಕುಬಸದ ಹೊತ್ತಿಗೆ ನನಗೆ ಇಬ್ಬರೂ ಸಾಕಾಗಿದ್ದರು. ರವಿವಾರ ಮುಂಜಾನೆ ಟಿವಿಯಲ್ಲಿ ಬರುತ್ತಿದ್ದ ಜಪಾನಿ ಕಾರ್ಟೂನಿನ ಹಿಂದಿ ಹಾಡನ್ನೇ ಆರಿಸಿಬಿಟ್ಟೆ. ಹೊಟ್ಟೆ ಬಿರಿಯ ತಿಂದು ಮಲಗಿದ ಕರಡಿಯನ್ನು ಕೂಗಿ ಎಬ್ಬಿಸುವ ಹಾಡು. ಮಕ್ಕಳ ಕಾಟದಿಂದ ಅದು ಎಲ್ಲರಿಗೂ ಬಾಯಿಪಾಠವಾಗಿತ್ತು.

ಒಂದನ್ನು ಮಾತ್ರ ಮರೆತಿದ್ದೆ. ನಮ್ಮ ಓಣಿಯಲ್ಲಿ ಕುಬಸಕ್ಕೆ ಹಾಡುವವಳು ಹಾಡಿನೊಳಗೆ ಗಂಡನ ಹೆಸರು ಸೇರಿಸಲೇಬೇಕು. ಜಾಗ ಹುಡುಕಿದ ಹೆಂಗಸರು ಕರಡಿಯನ್ನು ತೆಗೆದು, ಅಲ್ಲಿ ಒಬ್ಬೊಬ್ಬರಾಗಿ ಗಂಡಂದಿರನ್ನು ಕೂರಿಸಿದರು. ಪಡಸಾಲೆಯಲ್ಲಿ ಹೋಳಿಗೆ ಉಣ್ಣುತ್ತಿದ್ದ ಗಂಡಸರು ತಮ್ಮ ತಮ್ಮ ಹೆಸರು ಬಂದಾಗ ಉಣ್ಣುವುದನ್ನು ನಿಲ್ಲಿಸಿದರು.

ಕೊನೆಗೆ ಅವ್ವನ ಸರದಿ. ಮದುವೆಯಾದಾಗಿನಿಂದ ಅಪ್ಪನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. ಬೇರೆಯವರ ಕುಬಸದಲ್ಲಿ ಹಾಡದೆ ತಪ್ಪಿಸಿಕೊಳ್ಳುತ್ತಿದ್ದಳು, ಮಗಳ ಕುಬಸದಲ್ಲಿ ಹಾಗೆ ಮಾಡುವಂತಿರಲಿಲ್ಲ. ಎಲ್ಲರೂ ಕಾದೆವು. ಅವಳು ಹೆಸರಿನ ಗೊಡವೆಗೇ ಹೋಗಲಿಲ್ಲ. ಟಿವಿಯಲ್ಲಿ ಬಂದಂತೆ ಕರಡಿಯನ್ನೇ ಕೂಗಿದಳು.

ಪಡಸಾಲೆಯಿಂದ ಅಪ್ಪ ಹೇಳಿದ: "ಬಂದ್ನಿ ತಡಿ, ಕೈ ತೊಳಕೊಂಡ ಬರ್ತೀನಿ."