ಅಂಬಿಗನ ಕುರಿ

ತಂಗಿಯ ಮಗಳು ಮೊಬೈಲಿನಲ್ಲಿ ಏನೋ ಆಡುತ್ತ ಕೂತಿದ್ದಳು. ಅದರೊಳಗಿಂದ ಗಂಟೆ ಬಾರಿಸಿದಂಥ ಸದ್ದು ಬಂತು. “ಮಾಮಾ, ನನ್ನ ಲೆವೆಲ್ ಏರ್ತು ನೋಡು,” ಎಂದಳು. ಚಲೋ ಆಯಿತು ಎಂದೆನಾದರೂ ಒಳಗೆ ಹಳೆಯ ಹೊಟ್ಟೆಕಿಚ್ಚು ಮೈಮುರಿದು ಎದ್ದಿತು. ಅದು ಈ ಕೂಸಿನ ಮೇಲಿನದಲ್ಲ, ಇದರ ಅವ್ವನ ಮೇಲಿನದು.

ಆಗ ನಾವು ಜತ್ತ ತಾಲೂಕಿನ ಸಂಖ ಎಂಬ ಊರಲ್ಲಿದ್ದೆವು. ನನ್ನ ಕೋರ್ಸಿಗೆಂದು ಮನೆಗೆ ಕಂಪ್ಯೂಟರ್ ಬಂದಿತ್ತು. ಕೋರ್ಸು ಹಿಂದೆ ಬಿತ್ತು, ಜತ್ತದ ಗೆಳೆಯ ಕೊಟ್ಟ ಸೀಡಿಯೊಳಗಿನ ಆಟ ಮುಂದೆ ಬಂತು. ಅದರಲ್ಲಿ ನಮ್ಮದೊಬ್ಬ ವೀರ. ರಾಕ್ಷಸರನ್ನು ಹೊಡೆದಷ್ಟೂ ಅವನ ಲೆವೆಲ್ ಏರುತ್ತದೆ, ಏರಿದಾಗೊಮ್ಮೆ ಸಿಗುವ ಪಾಯಿಂಟುಗಳನ್ನು ಬಲಕ್ಕೋ ಚುರುಕಿಗೋ ಮಂತ್ರವಿದ್ಯೆಗೋ ಹಾಕಬೇಕು. ಒಮ್ಮೆ ಹಾಕಿದ್ದು ಹಿಂದಕ್ಕೆ ಬರುವುದಿಲ್ಲ.

ಅಪ್ಪ ಕುರಿಗಳ ಜೊತೆಗೆ ಕಾಳಗದ ಟಗರನ್ನೂ ಸಾಕಿದ್ದ. ಹಿಂಡಿ, ನೆನೆಸಿದ ಕಡಲೆ, ಎಲ್ಲವೂ ಅದಕ್ಕೇ. ನಾನೂ ನನ್ನ ವೀರನನ್ನು ಹಾಗೇ ಸಾಕಿದೆ. ಪಾಯಿಂಟೆಲ್ಲ ಬಲಕ್ಕೇ ಸುರಿದೆ. ದಾರಿಯಲ್ಲಿ ಯಾರಾದರೂ ಮಾತಿಗೆ ನಿಂತರೆ ಪರದೆಯ ಮೇಲೆ ಮೂಡುವ ಆ ಇಂಗ್ಲಿಷನ್ನು ಓದದೆ ದಾಟಿಸುತ್ತಿದ್ದೆ. ಅಪ್ಪ ನೋಡಿ ಬೆನ್ನು ತಟ್ಟಿಯಾನು ಎಂಬುದು ನನ್ನ ಆಸೆ. ಅಪ್ಪ ನೋಡಿದ. “ಇಂವಾ ಬರೀ ಹೊಡೀತಾನ,” ಎಂದು ಎದ್ದು ಹೋದ.

ತಂಗಿ ಮಹಾದೇವಿ ತನ್ನದೇ ಬೇರೆ ವೀರನನ್ನು ಇಟ್ಟುಕೊಂಡಿದ್ದಳು. ಪಂಗ್ತಿಯಲ್ಲಿ ಬಡಿಸುವವರ ಹಾಗೆ ಎಲ್ಲದಕ್ಕೂ ತುಸುತುಸು ಹಾಕಿ, ನನಗಿಂತ ಎಷ್ಟೋ ಲೆವೆಲ್ ಕೆಳಗಿದ್ದಳು. ಆದರೂ ಕರೆಂಟು ಬಂದು ಅವಳು ಆಟಕ್ಕೆ ಕೂತರೆ ಅಪ್ಪ ಅವಳ ಬೆನ್ನ ಹಿಂದೆ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದ. ನೀವೇ ಹೇಳಿ, ಯಾರಿಗೆ ಸಹನವಾದೀತು?

“ಅಂವಾ ಏನಂತಾನ?” ಪರದೆಯ ಮೇಲಿನ ಅಂಬಿಗನನ್ನು ತೋರಿಸಿ ಅಪ್ಪ ಕೇಳಿದ.

“ಅವನ ಕುರಿ ಹೊಳಿ ದಾಟಿ ತಪ್ಪಿಸ್ಕೊಂಡೈತಂತ, ಅಪ್ಪಾ. ಹುಡುಕಿ ಕೊಡು ಅಂತಾನ.”

ಅಪ್ಪ ಮುಂದಕ್ಕೆ ಬಾಗಿದ. “ಗಬ್ಬದ ಕುರಿ ಏನು?”

“ಹೂಂ, ಗಬ್ಬದ್ದ.”

“ಹಂಗಾರ ಲಗೂನ ಹುಡುಕವ್ವ.”

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು, “ಕುರಿ ಸಿಕ್ತೇನವ್ವ?” ನನ್ನ ವೀರ ಅಷ್ಟು ದೊಡ್ಡ ರಾಕ್ಷಸನನ್ನು ಕೆಡವಿದ್ದನ್ನು ಕೇಳುವವರಿಲ್ಲ. ಆ ಕುರಿಯನ್ನು ನಾನೇ ಮೊದಲು ಹುಡುಕಿ ಅಪ್ಪನಿಗೆ ತೋರಿಸಬೇಕೆಂದು ಹಟ ತೊಟ್ಟೆ. ಆಗಲೂ ಅಂಬಿಗನ ಮಾತನ್ನು ಓದದೆ ದಾಟಿಸಿ, ಕಾಡು, ಗವಿ, ಹಾಳು ಕೋಟೆ, ಎಲ್ಲ ಅಲೆದೆ. ರಾಕ್ಷಸರು ಬೇಕಾದಷ್ಟಿದ್ದರು, ಕುರಿಯ ಹಿಕ್ಕೆಯೂ ಇರಲಿಲ್ಲ. ಎಲ್ಲ ವಿದ್ಯೆ ತುಸುತುಸು ಕಲಿತವನಿಗೆ ಮಾತ್ರ ಅದು ಕಾಣುತ್ತದೇನೋ ಎನಿಸಿ, ಏರಿದ್ದ ಲೆವೆಲ್ಲನ್ನೆಲ್ಲ ಬಿಟ್ಟು ಹೊಸ ವೀರನನ್ನು ಹುಟ್ಟಿಸಿದೆ. ಮಂತ್ರವನ್ನೂ ಕಲಿಸಿದೆ. ಕಾಣಲಿಲ್ಲ.

ಅಷ್ಟರಲ್ಲಿ ಒಂದು ದಿನ ಮಹಾದೇವಿ ಊಟದ ನಡುವೆ, “ಸಿಕ್ತಪ್ಪಾ. ಎರಡು ಮರಿ ಹಾಕೈತಿ,” ಎಂದಳು. ಅಪ್ಪ ತನ್ನ ತಾಟಿನ ಬೆಲ್ಲವನ್ನು ಅವಳ ತಾಟಿಗೆ ಹಾಕಿದ. ಆ ಬೆಲ್ಲದ ಚೂರು ಇಂದಿಗೂ ನನ್ನ ಕಣ್ಣಲ್ಲಿದೆ.

ಈಗ ಅಪ್ಪ ಇಲ್ಲ. ಮೊಬೈಲಿನ ಸದ್ದಿಗೆ ಎದ್ದ ಕಿಚ್ಚಿನಲ್ಲೇ ಮಹಾದೇವಿಯನ್ನು ಕೇಳಿದೆ, ಆ ಕುರಿ ಎಲ್ಲಿ ಸಿಕ್ಕಿತ್ತು ಎಂದು. ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ನನ್ನ ಮುಖ ನೋಡಿ ನಕ್ಕಳು.

“ಅದರಾಗ ಕುರಿ ಎಲ್ಲಿತ್ತಣ್ಣಾ? ಅಂಬಿಗ ಏನಂತಿದ್ನೋ ನನಗೇನ್ ಗೊತ್ತು. ನನಗ ಆವಾಗ ಇಂಗ್ಲಿಷ್ ಬರ್ತಿತ್ತೇನು? ಅಪ್ಪ ಕೇಳ್ತಿದ್ದ, ನಾ ಹೇಳ್ತಿದ್ದೆ.”

ಬರೀ ಲೆವೆಲ್ಲಿನ ಮಾತಾಗಿದ್ದರೆ ನಾನೇ ಮೇಲಿದ್ದೆ. ಇಲ್ಲದ ಕುರಿಯನ್ನು ಕಟ್ಟಿ ಹೇಳಿದ ಇವಳನ್ನು ಹೇಗೆ ಹಿಡಿಯಲಿ? ಇಷ್ಟು ವರ್ಷ ಪಟ್ಟದ್ದಕ್ಕಿಂತ ಹೆಚ್ಚಿನ ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಪಟ್ಟೆ. ಆಮೇಲೆ ಅವಳ ಹತ್ತಿರ ಸ್ಟೂಲ್ ಎಳೆದುಕೊಂಡೆ.

“ಆ ಮರಿ ಮುಂದ ಏನಾದ್ವು?” ಎಂದೆ.

“ಒಂದು ಕರೇದಿತ್ತಣ್ಣಾ,” ಎಂದಳು, ಅವರೆಕಾಯಿ ಪಕ್ಕಕ್ಕಿಟ್ಟು. ನಾನು ಅಪ್ಪನ ಹಾಗೆ ಮುಂದಕ್ಕೆ ಬಾಗಿ ಕೂತೆ.